ಅಟ್ಟದ ಮೇಲಿನ ಎಣ್ಣೆ ಡಬ್ಬ: ಬಳಸೋಣವೆ, ಬಿಡೋಣವೆ?

ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ನೋಡಲು ಚಿಕ್ಕವು. ಉತ್ತರ ಹೇಳಲು ಕುಳಿತಾಗಲೇ ಅವುಗಳ ಆಳ ತಿಳಿಯುವುದು. ಸಕಲೇಶಪುರದ ಕಡೆಯ ಕಾಲೇಜು ವಿದ್ಯಾರ್ಥಿಯೊಬ್ಬರು ಬರೆದ ಪತ್ರ ಅಂಥದು.

ಅವರ ತೋಟದ ಮನೆಯಲ್ಲಿ ಅಜ್ಜನ ಕಾಲದ ಒಂದು ಡೀಸೆಲ್ ಜೀಪು, ಚಿಕ್ಕಪ್ಪನ ಒಂದು ಹಳೆಯ ಯೆಜ್ದಿ ಮೋಟಾರ್ ಸೈಕಲ್ಲು ಇವೆ. ಎರಡನ್ನೂ ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ. ಕೊಟ್ಟಿಗೆಯ ಅಟ್ಟ ಗುಡಿಸುವಾಗ ನಾಲ್ಕು ವಸ್ತುಗಳು ಸಿಕ್ಕವಂತೆ: ಸೀಲು ಒಡೆಯದ 5 ಲೀಟರ್ ಎಂಜಿನ್ ಆಯಿಲ್ ಡಬ್ಬ, ಅರ್ಧ ಉಳಿದ ಬ್ರೇಕ್ ಆಯಿಲ್ ಬಾಟಲಿ, ಒಂದು ಡಬ್ಬ ಗ್ರೀಸ್, ಯೆಜ್ದಿಗೆಂದು ತಂದಿಟ್ಟಿದ್ದ 2ಟಿ ಆಯಿಲ್. ಎಲ್ಲವೂ ಕಡಿಮೆಯೆಂದರೂ 10 ವರ್ಷ ಹಳೆಯವು. "ಎಣ್ಣೆ ಕೆಡೋದಕ್ಕೆ ಅದೇನು ಹಾಲೇ ಎಂದು ಅಪ್ಪ ಕೇಳುತ್ತಾರೆ. ಮೆಕ್ಯಾನಿಕ್ ಎಲ್ಲವನ್ನೂ ಬಿಸಾಡಿ ಎನ್ನುತ್ತಾರೆ. ಯಾರ ಮಾತು ಸರಿ, ಸಾರ್?" ಎಂಬುದು ಅವರ ಪ್ರಶ್ನೆ.

ಕಾರ್ಯಕ್ರಮದಲ್ಲಿ ಈ ಪತ್ರಕ್ಕೆ ಸಿಕ್ಕಿದ್ದು ಮೂರೇ ನಿಮಿಷ. ಅಷ್ಟರಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬಿಡಿಸಿ ನೋಡೋಣ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಆ ನಾಲ್ಕರಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಉಳಿದ ಮೂರರಲ್ಲಿ ತಪ್ಪಿದರೆ ಹಣ ಹೋದೀತು. ಅದೊಂದರಲ್ಲಿ ತಪ್ಪಿದರೆ ಪ್ರಾಣವೇ ಹೋದೀತು. ಅದು ಯಾವುದು, ಏಕೆ ಎಂಬುದೇ ಈ ಲೇಖನದ ಮುಖ್ಯ ಮಾತು.

ಎಣ್ಣೆ ಮಾಡುವ ಕೆಲಸ

ಎತ್ತಿನ ಗಾಡಿಯ ಕಾಲದಲ್ಲಿ ಪ್ರತಿ ಗಾಡಿಯ ಜೊತೆಯೂ ಕೀಲೆಣ್ಣೆ ಇರುತ್ತಿತ್ತು. ಅಚ್ಚಿಗೆ ಅದನ್ನು ಹಚ್ಚದೆ ಗಾಡಿ ಹೂಡುತ್ತಿರಲಿಲ್ಲ. ಹಚ್ಚಲು ಮರೆತರೆ ಗಾಲಿ ಕಿರುಗುಟ್ಟುತ್ತಿತ್ತು, ಅಚ್ಚು ಸವೆಯುತ್ತಿತ್ತು, ಎತ್ತುಗಳು ಬೇಗ ದಣಿಯುತ್ತಿದ್ದವು. ಎರಡು ಲೋಹಗಳು ಒಂದನ್ನೊಂದು ಉಜ್ಜುವಾಗ ನಡುವೆ ಏನಾದರೂ ಜಾರುವ ವಸ್ತುವಿದ್ದರೆ ಘರ್ಷಣೆ ಕಡಿಮೆಯಾಗುತ್ತದೆ ಎಂಬುದು ನಮ್ಮ ರೈತರಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಅದು ಹೇಗೆ ಕಡಿಮೆಯಾಗುತ್ತದೆ ಎಂಬುದು ಮಾತ್ರ 19ನೆಯ ಶತಮಾನದ ಕೊನೆಯವರೆಗೆ ಸ್ಪಷ್ಟವಾಗಿರಲಿಲ್ಲ. ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಬೇರಿಂಗಿನ ನೆತ್ತಿಯ ಮೇಲೆ ಎಣ್ಣೆ ಬಿಡಲು ಒಂದು ರಂಧ್ರ ಕೊರೆಸಿದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಆ ರಂಧ್ರದಿಂದ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಮರದ ಬೆಣೆ ಜಡಿದರೆ ಎಣ್ಣೆ ಆ ಬೆಣೆಯನ್ನೇ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಎಳೆದುಕೊಂಡು ಹೋಗಿ ಒತ್ತಡದ ಪದರವೊಂದನ್ನು ನಿರ್ಮಿಸುತ್ತದೆ, ಇಡೀ ಭಾರ ಆ ಪದರದ ಮೇಲೆ ತೇಲುತ್ತದೆ ಎಂದು ಗೊತ್ತಾದದ್ದು ಹೀಗೆ. ಟವರ್ ಅವರ ವರದಿ ಬಂದದ್ದು 1883ರಲ್ಲಿ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು.

ಕಾರಿನ ಎಂಜಿನ್ನಿನಲ್ಲೂ ಇದೇ ನಡೆಯುತ್ತದೆ. ಕ್ರ್ಯಾಂಕ್ ಶಾಫ್ಟ್ ಮತ್ತು ಅದರ ಬೇರಿಂಗಿನ ನಡುವೆ ಇರುವ ಎಣ್ಣೆಯ ಪದರ ನಿಮ್ಮ ತಲೆಗೂದಲಿಗಿಂತ ಎಷ್ಟೋ ತೆಳುವು. ಈ ಪದರ ನಿಲ್ಲಬೇಕಾದರೆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಅದು ಒಡ್ಡುವ ಪ್ರತಿರೋಧ, ಸರಿಯಾಗಿರಬೇಕು. ತೀರಾ ನೀರಾದರೆ ಪದರ ಹರಿಯುತ್ತದೆ. ತೀರಾ ಮಂದವಾದರೆ ಎಣ್ಣೆ ಸಂದುಗೊಂದುಗಳನ್ನು ತಲಪುವುದೇ ಇಲ್ಲ.

ಡಬ್ಬದೊಳಗೆ ಏನಿದೆ?

"ಕಚ್ಚಾ ತೈಲ ಕೋಟ್ಯಂತರ ವರ್ಷ ಭೂಮಿಯೊಳಗೆ ಕೆಡದೆ ಇತ್ತು. ಡಬ್ಬದಲ್ಲಿ 10 ವರ್ಷ ಇಟ್ಟರೆ ಕೆಡುತ್ತದೆಯೆ?" ಎಂದು ಕೇಳುವವರಿದ್ದಾರೆ. ವಿದ್ಯಾರ್ಥಿಯ ತಂದೆಯ ವಾದವೂ ಇದರ ಹತ್ತಿರದ್ದೇ. ಕೇಳಲು ಚೆನ್ನಾಗಿರುವ ಈ ವಾದದಲ್ಲಿ ಎರಡು ಲೋಪಗಳಿವೆ.

ಮೊದಲನೆಯದು, ಭೂಮಿಯ ಆಳದಲ್ಲಿ ಗಾಳಿಯ ಆಕ್ಸಿಜನ್ ಇರಲಿಲ್ಲ. ಡಬ್ಬದ ಕತ್ತಿನಲ್ಲಿ ಅದಿದೆ. ಎರಡನೆಯದು, ಡಬ್ಬದಲ್ಲಿರುವುದು ಬರೀ ಭೂಮಿಯ ಎಣ್ಣೆಯಲ್ಲ. ಶುದ್ಧೀಕರಿಸಿದ ಅಥವಾ ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಮೂಲ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿ ಎಂಜಿನ್ ಆಯಿಲ್ ತಯಾರಿಸುತ್ತಾರೆ. ಮಸಿಯನ್ನು ತೊಳೆಯುವುದಕ್ಕೆ ಒಂದು, ತೊಳೆದ ಮಸಿ ಮತ್ತೆ ಒಟ್ಟುಗೂಡದಂತೆ ಚದುರಿಸಿಡಲು ಇನ್ನೊಂದು, ನೊರೆ ಏಳದಂತೆ ತಡೆಯಲು ಮತ್ತೊಂದು. ಬಿಸಿಯಾದಾಗ ಎಣ್ಣೆ ತೀರಾ ತೆಳುವಾಗದಂತೆ ಹಿಡಿದಿಡುವ ಉದ್ದುದ್ದ ಪಾಲಿಮರ್ ಅಣುಗಳು, ಉತ್ಕರ್ಷಣವನ್ನು ತಡೆಯುವ ವಸ್ತುಗಳು, ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತಗಳು ಹೀಗೆ ಪಟ್ಟಿ ಬೆಳೆಯುತ್ತದೆ.

ಈ ಸತುವಿನ ಸಂಯುಕ್ತದ ಕೆಲಸವನ್ನು ಗಮನಿಸಿ. ಬೆಳಗ್ಗೆ ನೀವು ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಟವರ್ ಕಂಡ ಒತ್ತಡದ ಪದರ ಇನ್ನೂ ಹುಟ್ಟಿರುವುದಿಲ್ಲ. ಲೋಹಕ್ಕೆ ಲೋಹ ತಾಗುವ ಆ ಹೊತ್ತಿನಲ್ಲಿ ಅವುಗಳ ಮೇಲ್ಮೈಗೆ ಅಂಟಿಕೊಂಡು ರಕ್ಷಣೆ ಕೊಡುವುದು ಈ ಸಂಯುಕ್ತವೇ. ಮೂಲ ಎಣ್ಣೆ ಚೆನ್ನಾಗಿದ್ದು ಈ ಸೇರ್ಪಡೆಗಳು ಹಾಳಾಗಿದ್ದರೆ ಎಂಜಿನ್ ಓಡುವುದೇನೋ ಓಡುತ್ತದೆ. ಆದರೆ ಪ್ರತಿ ಬಾರಿ ಚಾಲೂ ಮಾಡಿದಾಗಲೂ ಒಂದಿಷ್ಟು ಸವೆಯುತ್ತದೆ. ಹಳೆಯ ಎಣ್ಣೆಯ ಹಾನಿ ಆ ದಿನವೇ ಕಣ್ಣಿಗೆ ಕಾಣದಿರುವುದು ಈ ಕಾರಣದಿಂದ.

ಕಪಾಟಿನಲ್ಲಿರುವ ಎಣ್ಣೆಯ ಮೂವರು ವೈರಿಗಳು

ಮೊದಲ ವೈರಿ ಶಾಖ. ಎಣ್ಣೆ ಆಕ್ಸಿಜನ್ನಿನೊಡನೆ ನಿಧಾನವಾಗಿ ವರ್ತಿಸಿ ಆಮ್ಲಗಳನ್ನೂ ಅಂಟು ಪದಾರ್ಥಗಳನ್ನೂ ಕೊಡುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಇಂಥ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ನೀವು ರಸಾಯನ ವಿಜ್ಞಾನದ ತರಗತಿಯಲ್ಲಿ ಓದಿರುತ್ತೀರಿ. 25 ಡಿಗ್ರಿಯ ತಂಪು ಕೋಣೆಯಲ್ಲಿರುವ ಡಬ್ಬಕ್ಕೂ ರಾಯಚೂರಿನ ಬೇಸಿಗೆಯಲ್ಲಿ 45 ಡಿಗ್ರಿಯ ತಗಡಿನ ಶೆಡ್ಡಿನಲ್ಲಿರುವ ಡಬ್ಬಕ್ಕೂ ಈ ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಆದ್ದರಿಂದ ಎಷ್ಟು ವರ್ಷ ಇಟ್ಟಿದ್ದೀರಿ ಎಂಬುದರ ಜೊತೆಗೆ ಎಲ್ಲಿ ಇಟ್ಟಿದ್ದೀರಿ ಎಂಬುದನ್ನೂ ಕೇಳಲೇಬೇಕು. ಅಂದ ಹಾಗೆ, ಓಡುವ ಎಂಜಿನ್ನಿನೊಳಗೆ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಡಬ್ಬದಲ್ಲಿ ವರ್ಷಗಟ್ಟಲೆ ಇರುವ ಎಣ್ಣೆ ಎಂಜಿನ್ನಿನಲ್ಲಿ ತಿಂಗಳುಗಳಲ್ಲಿ ಹಳತಾಗುವುದು ಅದಕ್ಕೇ.

ಎರಡನೆಯ ವೈರಿ ನೀರು. ಸೀಲು ಒಡೆದ ಡಬ್ಬದೊಳಗೆ ತೇವದ ಗಾಳಿ ಸೇರುತ್ತದೆ. ರಾತ್ರಿ ತಂಪಾದಾಗ ಅದರ ಆವಿ ಹನಿಗಟ್ಟಿ ಎಣ್ಣೆಗಿಳಿಯುತ್ತದೆ. ದೊಡ್ಡ ಪೀಪಾಯಿಗಳ ಕತೆ ಇನ್ನೂ ಸ್ವಾರಸ್ಯದ್ದು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಪೀಪಾಯಿಯ ಮೇಲೆ ಮಳೆನೀರು ನಿಂತಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ತಿರುಪಿನ ಸಂದಿನಿಂದ ಹೊರಹೋಗುತ್ತದೆ. ರಾತ್ರಿ ಕುಗ್ಗುವಾಗ ಆ ಸಂದಿನಿಂದಲೇ ಮೇಲಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ಪೀಪಾಯಿ ಹೀಗೆ ದಿನವೂ ಉಸಿರಾಡುತ್ತದೆ! ಕರಾವಳಿಯ ಒಂದು ಮಳೆಗಾಲ ಸಾಕು, ಒಳಗೆ ಸಾಕಷ್ಟು ನೀರು ಸೇರಲು. ತಿಳಿದವರು ಪೀಪಾಯಿಯನ್ನು ಸೂರಿನಡಿ ಅಡ್ಡ ಮಲಗಿಸಿ, ಎರಡು ಮುಚ್ಚಳಗಳೂ ಒಳಗಿನ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡುತ್ತಾರೆ. ಆಗ ಮುಚ್ಚಳದ ಒಳಬದಿಯಲ್ಲಿ ಎಣ್ಣೆಯೇ ಇರುವುದರಿಂದ ಹೊರಗಿನ ಗಾಳಿ, ನೀರು ಸುಲಭವಾಗಿ ಒಳಸೇರಲಾರವು.

ಮೂರನೆಯ ವೈರಿ ಧೂಳು. ಮುಚ್ಚಳ ಸಡಿಲವಾದ ಡಬ್ಬ, ಒರೆಸದ ಲಾಳಿಕೆ ಇವುಗಳ ಮೂಲಕ ಎಣ್ಣೆಗೆ ಸೇರುವ ಮರಳಿನ ಕಣ ಬೇರಿಂಗಿಗೆ ಉಜ್ಜುಕಾಗದವಿದ್ದಂತೆ.

ಇವುಗಳ ಜೊತೆಗೆ ಸುಮ್ಮನೆ ನಿಂತದ್ದರ ಪರಿಣಾಮವೂ ಒಂದಿದೆ. ಸೇರ್ಪಡೆಗಳಲ್ಲಿ ಕೆಲವು ಎಣ್ಣೆಯಲ್ಲಿ ಪೂರ್ತಿ ಕರಗಿರುವುದಿಲ್ಲ. ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತವೆ. ವರ್ಷಗಳು ಕಳೆದಂತೆ ಅವು ತಳಕ್ಕಿಳಿಯಬಹುದು. ಡಬ್ಬ ಕುಲುಕಿದರೆ ಮತ್ತೆ ಬೆರೆಯುತ್ತವೆಯೆ? ಕೆಲವು ಬೆರೆಯಬಹುದು. ಒಂದಕ್ಕೊಂದು ಅಂಟಿ ಗಸಿಯಾದವು ಹಿಂದಿನಂತೆ ಬೆರೆಯುವುದಿಲ್ಲ.

ಹಾಗಾದರೆ ಎಷ್ಟು ವರ್ಷ?

ಸೀಲು ಒಡೆಯದೆ, ಬಿಸಿಲು ಮಳೆ ತಾಗದ ಜಾಗದಲ್ಲಿಟ್ಟ ಎಂಜಿನ್ ಆಯಿಲ್ ಸುಮಾರು 5 ವರ್ಷ ಬಾಳುತ್ತದೆ ಎಂದು ಹಲವು ತಯಾರಕರು ಹೇಳುತ್ತಾರೆ. ಐದು ವರ್ಷ ತುಂಬಿದ ಮರುದಿನ ಬೆಳಗ್ಗೆ ಎಣ್ಣೆ ವಿಷವಾಗುತ್ತದೆ ಎಂದು ಇದರ ಅರ್ಥವಲ್ಲ. ಅಲ್ಲಿಯವರೆಗೆ ಗುಣಮಟ್ಟದ ಹೊಣೆ ತಯಾರಕರದು, ಆಮೇಲೆ ನಿಮ್ಮದು ಎಂದಷ್ಟೇ ಅರ್ಥ. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ, ಬ್ಯಾಚ್ ಸಂಖ್ಯೆ ಇವೆಯೆ ಎಂದು ಮೊದಲು ನೋಡಿ. ಸೀಲು ಒಡೆದ ಡಬ್ಬವಾದರೆ ಇನ್ನೊಂದು ಮಳೆಗಾಲ ಕಾಣಿಸದೆ ಬಳಸಿ ಮುಗಿಸುವುದು ಒಳ್ಳೆಯ ರೂಢಿ.

ಕಣ್ಣಿನಿಂದಲೂ ಒಂದಿಷ್ಟು ತಿಳಿಯಬಹುದು. ಡಬ್ಬವನ್ನು ಕುಲುಕದೆ ಒಂದು ದಿನ ಬಿಟ್ಟು, ಸ್ವಲ್ಪ ಎಣ್ಣೆಯನ್ನು ತೊಳೆದು ಒಣಗಿಸಿದ ಗಾಜಿನ ಸೀಸೆಗೆ ಸುರಿದು ಬೆಳಕಿಗೆ ಹಿಡಿಯಿರಿ. ಜೇನಿನಂತೆ ತಿಳಿಯಾಗಿದ್ದರೆ ಒಳ್ಳೆಯ ಸೂಚನೆ. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ. ತಳದಲ್ಲಿ ಗಸಿ, ಜೆಲ್ಲಿಯಂಥ ಮುದ್ದೆ, ಹುಳಿ ಅಥವಾ ಕಮಟು ವಾಸನೆ ಇವುಗಳಲ್ಲಿ ಯಾವುದು ಕಂಡರೂ ಅದನ್ನು ಎಂಜಿನ್ನಿಗೆ ಹಾಕಬಾರದು. ಆದರೆ ಒಂದು ಎಚ್ಚರಿಕೆ: ಕೆಟ್ಟದ್ದು ಕಂಡರೆ ಎಣ್ಣೆ ಕೆಟ್ಟಿದೆ ಎಂದು ಖಚಿತವಾಗಿ ಹೇಳಬಹುದು; ಕೆಟ್ಟದ್ದು ಕಾಣದಿದ್ದರೆ ಚೆನ್ನಾಗಿದೆ ಎಂದು ಖಚಿತವಾಗಿ ಹೇಳಲಾಗದು. ಸೇರ್ಪಡೆಗಳ ಬಲ ಕಣ್ಣಿಗೆ ಕಾಣುವಂಥದಲ್ಲ. ಅದಕ್ಕೆ ಪ್ರಯೋಗಾಲಯ ಬೇಕು. ಅಲ್ಲಿ ಸ್ನಿಗ್ಧತೆ, ನೀರಿನ ಅಂಶ, ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ ಇವನ್ನೆಲ್ಲ ಅಳೆಯುತ್ತಾರೆ. ನೂರಾರು ಬಸ್ಸುಗಳ ಡಿಪೋದಲ್ಲಿ ಹತ್ತಾರು ಪೀಪಾಯಿ ಉಳಿದಿದ್ದರೆ ಈ ಪರೀಕ್ಷೆ ಲಾಭದಾಯಕ. ಮನೆಯ ಒಂದು ಡಬ್ಬಕ್ಕೆ ಪರೀಕ್ಷೆಯ ಖರ್ಚು ಎಣ್ಣೆಯ ಬೆಲೆಯನ್ನೇ ಮೀರೀತು.

ಕೆಡದಿದ್ದರೂ ಹಳತಾಗುವ ಎಣ್ಣೆ

ಎಣ್ಣೆ ಇದ್ದ ಹಾಗೇ ಇದ್ದು, ಎಂಜಿನ್ ಬದಲಾಗಿದ್ದರೆ? ಡಬ್ಬದ ಮೇಲೆ ಎ.ಪಿ.ಐ. ಎಂಬ ಅಕ್ಷರಗಳ ಪಕ್ಕದಲ್ಲಿ ಎಸ್ ಅಥವಾ ಸಿ ಇಂದ ಶುರುವಾಗುವ ಒಂದು ಗುರುತು ಇರುತ್ತದೆ. ಎ.ಪಿ.ಐ. ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. ಎಸ್ ಗುಂಪು ಪೆಟ್ರೋಲ್ ಎಂಜಿನ್ನುಗಳಿಗೆ, ಸಿ ಗುಂಪು ಡೀಸೆಲ್ ಎಂಜಿನ್ನುಗಳಿಗೆ. ಎಸ್ ಗುಂಪಿನಲ್ಲಿ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ತಲೆಮಾರಿನದು. ಎಸ್.ಎ. ಎಂಬ ದರ್ಜೆಯ ಎಣ್ಣೆ 1930ರ ನಂತರದ ಎಂಜಿನ್ನುಗಳಿಗೆ ತಕ್ಕುದಲ್ಲ, ಎಸ್.ಎಫ್. 1988ರ ನಂತರದ ಎಂಜಿನ್ನುಗಳಿಗೆ ತಕ್ಕುದಲ್ಲ ಎಂದು ಆ ಸಂಸ್ಥೆಯೇ ಹೇಳುತ್ತದೆ. 2020ರಲ್ಲಿ ಎಸ್.ಪಿ., 2025ರಲ್ಲಿ ಎಸ್.ಕ್ಯೂ. ದರ್ಜೆಗಳು ಬಂದವು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊಗೆ ನಿಯಮಗಳು ಜಾರಿಗೆ ಬಂದಿವೆ. ಈ ಕಾಲದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಹಳೆಯ ದರ್ಜೆಯ ಎಣ್ಣೆ ಉರಿದಾಗ ಉಳಿಯುವ ಬೂದಿ ಈ ಶೋಧಕವನ್ನು ಕ್ರಮೇಣ ಕಟ್ಟಿಹಾಕುತ್ತದೆ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಎಣ್ಣೆಯ ರಂಜಕ ಹೆಚ್ಚಾದರೆ ಆಗದು. ಬೈಕುಗಳದು ಇನ್ನೊಂದು ಬಗೆ. ಬಹುಪಾಲು ಬೈಕುಗಳಲ್ಲಿ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿಗೆಂದು ಮಾಡಿದ, ಜಾರಿಕೆ ಹೆಚ್ಚಿಸಿದ ಎಣ್ಣೆ ಹಾಕಿದರೆ ಕ್ಲಚ್ಚೂ ಜಾರುತ್ತದೆ! ಬೈಕಿನ ಎಣ್ಣೆಯ ಡಬ್ಬದ ಮೇಲೆ ಜಾಸೋ ಎಂ.ಎ. ಎಂಬ ಗುರುತು ಹುಡುಕಬೇಕಾದದ್ದು ಇದಕ್ಕಾಗಿ. ಒಟ್ಟಿನಲ್ಲಿ ವಾಹನದ ಕೈಪಿಡಿ ಕೇಳುವ ದರ್ಜೆಗೂ ಡಬ್ಬದ ಮೇಲಿನ ದರ್ಜೆಗೂ ಹೊಂದಿಕೆಯಾಗದಿದ್ದರೆ, ನಿನ್ನೆ ತಯಾರಾದ ಎಣ್ಣೆಯೂ ನಿಮಗೆ ಬೇಡ.

ಹೆಸರಿಗೆ ಆಯಿಲ್, ಗುಣದಲ್ಲಿ ಬೇರೆ

ಈಗ ಆ ಬೇರೆ ಜಾತಿಯ ಬಾಟಲಿಗೆ ಬರೋಣ. ನನಗೆ ಇದರ ಪಾಠ ಸಿಕ್ಕಿದ್ದು ತರಗತಿಯಲ್ಲಲ್ಲ, ಚಾರ್ಮಾಡಿ ಘಾಟಿಯಲ್ಲಿ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಬೆಳ್ತಂಗಡಿ ಕಡೆಗೆ ಹೊರಟಿದ್ದೆವು. ಬಾಡಿಗೆ ವ್ಯಾನು, ಕ್ಯಾಮೆರಾ ಮತ್ತು ದೀಪಗಳ ಭಾರ, ನಾವು ಆರು ಜನ. ಹಿಂದಿನ ದಿನವಷ್ಟೇ ದಾರಿಯ ಒಂದು ಗ್ಯಾರೇಜಿನಲ್ಲಿ ಬ್ರೇಕಿನ ಸೋರಿಕೆ ಸರಿಪಡಿಸಿ, ಕಪಾಟಿನಲ್ಲಿ ಎಂದಿನಿಂದಲೋ ತೆರೆದಿಟ್ಟಿದ್ದ ಬಾಟಲಿಯಿಂದ ಬ್ರೇಕ್ ಆಯಿಲ್ ತುಂಬಿಸಿದ್ದರು. ಊರೊಳಗೆ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯತೊಡಗಿದೆವು. ತಿರುವಿಗೊಮ್ಮೆ ಬ್ರೇಕು. ಅರ್ಧ ದಾರಿಯಲ್ಲಿ ಚಾಲಕರ ಮುಖ ಬಿಗಿಯಿತು. "ಸಾರ್, ಪೆಡಲ್ಲು ಪೂರಾ ಒಳಗೆ ಹೋಗ್ತಿದೆ. ಎಲ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು. ಅವರು ಗೇರು ಇಳಿಸುತ್ತ ಇಳಿಸುತ್ತ, ಕೈಬ್ರೇಕು ಎಳೆಯುತ್ತ, ಗುಡ್ಡದ ಬದಿಯ ಮಣ್ಣಿನ ರಾಶಿಗೆ ವ್ಯಾನನ್ನು ಒರಗಿಸಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಪ್ರಪಾತವಿತ್ತು. ಯಾರೂ ಮಾತಾಡಲಿಲ್ಲ. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಚಾಲಕರು ಪೆಡಲ್ ಒತ್ತಿ ನೋಡಿದರೆ ಅದು ಮತ್ತೆ ಗಟ್ಟಿಯಾಗಿತ್ತು! ದೆವ್ವದ ಆಟದಂತೆ ಕಂಡ ಇದರ ಹಿಂದೆ ಇದ್ದದ್ದು ಪಿಯುಸಿಯಲ್ಲಿ ಓದುವ ಭೌತವಿಜ್ಞಾನ.

ಕಾರು, ಜೀಪುಗಳ ಬ್ರೇಕು ಕೆಲಸ ಮಾಡುವುದು ಪಾಸ್ಕಲ್ ನಿಯಮದ ಮೇಲೆ. ಪೆಡಲ್ಲಿನ ಮೇಲೆ ನೀವು ಹಾಕಿದ ಒತ್ತಡವನ್ನು ಕೊಳವೆಯಲ್ಲಿನ ದ್ರವ ಗಾಲಿಯವರೆಗೆ ಒಯ್ಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯವಾದ್ದರಿಂದ ಇದು ಸಾಧ್ಯ. ಆದರೆ ಈ ದ್ರವ ಎಣ್ಣೆಯಲ್ಲ. ಸಾಮಾನ್ಯ ವಾಹನಗಳಲ್ಲಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಈಥರ್ ಎಂಬ ಬಗೆಯ ಸಂಯುಕ್ತಗಳಿಂದ ಆದವು. ಎಣ್ಣೆ ನೀರನ್ನು ದೂರವಿಡುತ್ತದೆ. ಇವು ನೀರನ್ನು ಕರೆದು ಕೂರಿಸಿಕೊಳ್ಳುತ್ತವೆ. ತೆರೆದ ಬಾಟಲಿಯಲ್ಲಿ ಗಾಳಿಯ ತೇವವನ್ನು ಹೀರಿ ತಮ್ಮೊಳಗೇ ಕರಗಿಸಿಕೊಳ್ಳುತ್ತವೆ. ಆದ್ದರಿಂದ ನೀರು ಸೇರಿದರೂ ದ್ರವ ಮಬ್ಬಾಗುವುದಿಲ್ಲ, ತಳದಲ್ಲಿ ಬೇರೆಯಾಗಿ ನಿಲ್ಲುವುದೂ ಇಲ್ಲ. ನೋಡಲು ಹೊಸದರಂತೆಯೇ ಇರುತ್ತದೆ.

ಬದಲಾಗುವುದು ಕುದಿಬಿಂದು. ಮಾನಕದ ಪ್ರಕಾರ ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಘಾಟಿಯ ಇಳಿಜಾರಿನಲ್ಲಿ ವಾಹನದ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಆ ಶಾಖ ಗಾಲಿಯ ಬಳಿಯ ದ್ರವಕ್ಕೆ ಹರಿಯುತ್ತದೆ. ನೀರು ಕುಡಿದ ದ್ರವ ಅಲ್ಲಿ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ನೀವು ಎಷ್ಟೇ ತುಳಿದರೂ ಆ ಒತ್ತಡವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ, ಗಾಲಿಗೆ ತಲಪುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಅಂದು ನಮ್ಮ ವ್ಯಾನಿನಲ್ಲಿ ನಡೆದದ್ದು ಇಷ್ಟೇ. ಆ ಚಾಲಕಣ್ಣನ ಸಮಯಪ್ರಜ್ಞೆ ಇಲ್ಲದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಆದ್ದರಿಂದ ಬ್ರೇಕ್ ದ್ರವದ ವಿಷಯದಲ್ಲಿ ಚೌಕಾಶಿ ಬೇಡ. ತೆರೆದಿಟ್ಟ ಹಳೆಯ ಬಾಟಲಿಯನ್ನು ಬಳಸಲೇಬಾರದು. ಬೇಕಾದಷ್ಟೇ ಚಿಕ್ಕ ಸೀಲು ಬಾಟಲಿ ಕೊಂಡು, ನಿಮ್ಮ ಕಣ್ಣೆದುರಿಗೆ ತೆರೆಸಿ. ವಾಹನದೊಳಗಿರುವ ದ್ರವವೂ ನಿಧಾನವಾಗಿ ನೀರು ಹೀರುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ಅಪ್ಪಿತಪ್ಪಿಯೂ ಬ್ರೇಕಿಗೆ ಎಂಜಿನ್ ಆಯಿಲ್ ಹಾಕಬೇಡಿ. ಖನಿಜ ತೈಲ ತಾಗಿದರೆ ಆ ಬ್ರೇಕಿನ ರಬ್ಬರ್ ವಾಷರುಗಳು ಊದಿಕೊಂಡು ಹಾಳಾಗುತ್ತವೆ.

ಗ್ರೀಸು ಮತ್ತು 2ಟಿ

ಗ್ರೀಸನ್ನು ಎಣ್ಣೆ ಹೀರಿದ ಸ್ಪಂಜು ಎಂದುಕೊಳ್ಳಿ. ಲಿಥಿಯಂ ಅಥವಾ ಕ್ಯಾಲ್ಸಿಯಂನ ಸಾಬೂನಿನಂಥ ವಸ್ತು ಸ್ಪಂಜಾಗಿ ಎಣ್ಣೆಯನ್ನು ಹಿಡಿದಿರುತ್ತದೆ. ಬಹುಕಾಲ ಇಟ್ಟಾಗ ಮೇಲೆ ಸ್ವಲ್ಪ ಎಣ್ಣೆ ಜಿನುಗುವುದು ಸಹಜ. ಅದನ್ನು ಶುದ್ಧವಾದ ಕಡ್ಡಿಯಿಂದ ಕಲಸಿ ಸೇರಿಸಬಹುದು. ಎಣ್ಣೆ ತುಂಬ ನಿಂತು, ಕೆಳಗಿನ ಮುದ್ದೆ ಒಣಗಿ ಬಿರುಕು ಬಿಟ್ಟಿದ್ದರೆ ಆ ಗ್ರೀಸಿನ ಆಯುಸ್ಸು ಮುಗಿದಿದೆ. ಬೇರೆ ಬೇರೆ ಬಗೆಯ ಗ್ರೀಸುಗಳನ್ನು ಬೆರೆಸಬೇಡಿ. ಕೆಲವು ಬೆರೆತಾಗ ನೀರಾಗಿ ಹರಿಯುತ್ತವೆ.

ಇನ್ನು 2ಟಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಯೆಜ್ದಿಗಳು ಟು ಸ್ಟ್ರೋಕ್ ಯಂತ್ರಗಳು. ಅವುಗಳಲ್ಲಿ ಪೆಟ್ರೋಲಿನ ಜೊತೆ ಬೆರೆತ ಎಣ್ಣೆ ತನ್ನ ಕೆಲಸ ಮಾಡಿ ಉರಿದುಹೋಗುತ್ತದೆ. ಪ್ರತಿ ಸಲವೂ ಹೊಸ ಎಣ್ಣೆ ಬರುವುದರಿಂದ ಅದು ಎಂಜಿನ್ನಿನಲ್ಲಿ ತಿಂಗಳುಗಟ್ಟಲೆ ಬಾಳಬೇಕಾಗಿಲ್ಲ. ಆದರೂ ಗಸಿಗಟ್ಟಿದ ಎಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯದಿದ್ದರೆ ಪಿಸ್ಟನ್ ಸೀಜ್ ಆಗುವ ಅಪಾಯವಿದೆ. ಪೆಟ್ರೋಲಿಗೆ ಬೆರೆಸಿಟ್ಟ ಮಿಶ್ರಣವಂತೂ ಬಾಳುವುದೇ ಇಲ್ಲ. ಎಣ್ಣೆಗಿಂತ ಎಷ್ಟೋ ಮೊದಲೇ ಪೆಟ್ರೋಲು ಕೆಡುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನೂ ಹೀರುತ್ತದೆ.

ಬೇರೆ ಕೆಲಸಕ್ಕೆ ಆಗದೆ?

ವಾಹನಕ್ಕೆ ಬೇಡವಾದ, ಆದರೆ ಬಳಸದೆ ಶುದ್ಧವಾಗಿ ಉಳಿದ ಎಂಜಿನ್ ಎಣ್ಣೆಗೆ ಮನೆಯಲ್ಲಿ ಕೆಲಸವಿದೆ. ಗೇಟಿನ ತಿರುಗಣಿ, ಗುದ್ದಲಿ ಪಿಕಾಸಿಗಳಿಗೆ ತುಕ್ಕು ಹಿಡಿಯದಂತೆ ಒಂದು ಕೈ ಸವರುವುದು, ಬಿಗಿದ ಬೋಲ್ಟುಗಳು ಇಷ್ಟಕ್ಕೆ ಸಾಕು. ಬಾವಿಯ ರಾಟೆ, ಹಿಟ್ಟಿನ ಗಿರಣಿ, ಕಬ್ಬಿನ ಗಾಣ ಇವುಗಳ ಹತ್ತಿರ ಮಾತ್ರ ತರಬೇಡಿ. ಅಲ್ಲಿಂದ ಅದು ನೇರವಾಗಿ ಹೊಟ್ಟೆಗೆ ಸೇರುತ್ತದೆ.

ಇದು ಬರಿಯ ಹೆದರಿಕೆಯಲ್ಲ. 1959ರಲ್ಲಿ ಮೊರಾಕೋ ದೇಶದಲ್ಲಿ ಅಮೆರಿಕದ ವಾಯುನೆಲೆಯೊಂದು ಮಿಗುತಾಯವಾಗಿ ಉಳಿದಿದ್ದ ವಿಮಾನ ಎಂಜಿನ್ನಿನ ಎಣ್ಣೆಯನ್ನು ಮಾರಿತು. ಲಾಭಕೋರ ವರ್ತಕರು ಅದನ್ನು ಅಡುಗೆ ಎಣ್ಣೆಗೆ ಬೆರೆಸಿದರು. ಆ ಎಣ್ಣೆಯಲ್ಲಿದ್ದ ರಂಜಕದ ಸಂಯುಕ್ತವೊಂದು ನರಗಳಿಗೆ ವಿಷ. ಮೆಕ್ನೆಸ್ ನಗರ ಮತ್ತು ಸುತ್ತಲಿನ ಸುಮಾರು 10,000 ಜನರಿಗೆ ಕೈಕಾಲು ಸ್ವಾಧೀನ ತಪ್ಪಿತು. ಯಂತ್ರಕ್ಕೆ ಅಮೃತವಾದದ್ದು ಮನುಷ್ಯನಿಗೆ ಹಾಗಾಗಬೇಕಿಲ್ಲ. ಎಣ್ಣೆಯ ಖಾಲಿ ಡಬ್ಬದಲ್ಲಿ ನೀರು, ಕಾಳು ತುಂಬಿಡಬೇಡಿ. ಬ್ರೇಕ್ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಗೆದ್ದಲು ತಡೆಯಲು ಬೇಲಿಗೂಟಕ್ಕೆ ಬಳಿಯುವ, ಚರಂಡಿಗೆ ಸುರಿಯುವ ಅಭ್ಯಾಸ ಹಳ್ಳಿಗಳಲ್ಲಿದೆ. ಅದರಲ್ಲಿ ಸವೆದ ಲೋಹಗಳೂ ಅರೆ ಉರಿದ ಇಂಧನದ ಹಾನಿಕಾರಕ ಸಂಯುಕ್ತಗಳೂ ಇರುತ್ತವೆ. ಮಣ್ಣಿನ ಮೂಲಕ ಅವು ಬಾವಿಗೆ ಇಳಿಯುತ್ತವೆ. 2016ರ ಕೇಂದ್ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿ ಮಾಡಿವೆ. ಅದನ್ನು ಮುಚ್ಚಿದ ಡಬ್ಬದಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಶುದ್ಧೀಕರಣ ಘಟಕಕ್ಕೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು ಸರಿಯಾದ ದಾರಿ. ಕೈಗೆ ತಾಗಿದರೆ ಸಾಬೂನಿನಿಂದ ತೊಳೆಯಿರಿ, ಪೆಟ್ರೋಲಿನಿಂದಲ್ಲ.

ನೀವೇ ಮಾಡಿ ನೋಡಿ

ಒಂದು: ಒಂದೇ ಅಳತೆಯ ಎರಡು ಉದ್ದನೆಯ ಗಾಜಿನ ಜಾಡಿಗಳಲ್ಲಿ ಕಡಲೆಕಾಯಿ ಎಣ್ಣೆ ಮತ್ತು ಹರಳೆಣ್ಣೆ ತುಂಬಿ. ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಎರಡಕ್ಕೂ ಒಟ್ಟಿಗೆ ಬಿಡಿ. ಯಾವುದರಲ್ಲಿ ಗುಂಡು ನಿಧಾನವಾಗಿ ಇಳಿಯುತ್ತದೆ? ಹರಳೆಣ್ಣೆಯ ಜಾಡಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಟ್ಟು ಮತ್ತೆ ಬಿಡಿ. ಶಾಖಕ್ಕೆ ಸ್ನಿಗ್ಧತೆ ಹೇಗೆ ಇಳಿಯುತ್ತದೆಂದು ಕಣ್ಣಾರೆ ಕಾಣುತ್ತೀರಿ.

ಎರಡು: ಔಷಧದಂಗಡಿಯ ಗ್ಲಿಸರಿನ್ ಸ್ವಲ್ಪವನ್ನು ಅಗಲವಾದ ತಟ್ಟೆಗೆ ಹಾಕಿ, ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ಮಳೆಗಾಲದಲ್ಲಿ ತೆರೆದಿಡಿ. ಇನ್ನೊಂದು ತಟ್ಟೆಯಲ್ಲಿ ಕಡಲೆಕಾಯಿ ಎಣ್ಣೆಯನ್ನೂ ಹಾಗೆಯೇ ಇಡಿ. ಎರಡನ್ನೂ ಒಂದು ವಾರ ದಿನವೂ ತೂಗಿ ಬರೆದಿಡಿ. ಗ್ಲಿಸರಿನ್ ಕೂಡ ಬ್ರೇಕ್ ದ್ರವದಂತೆ ನೀರಿನ ಅಣುಗಳನ್ನು ಸೆಳೆಯುವ ವಸ್ತು. ಯಾವ ತಟ್ಟೆ ಭಾರವಾಯಿತೆಂದು ನೋಡಿದಾಗ ಚಾರ್ಮಾಡಿಯ ಕತೆ ನಿಮಗೆ ಪೂರ್ತಿ ಅರ್ಥವಾಗುತ್ತದೆ.

ನಾಲ್ಕು ಪ್ರಶ್ನೆಗಳಿಗೆ ಉತ್ತರ

ಸಕಲೇಶಪುರದ ಮಿತ್ರರೆ, ನಿಮ್ಮ ಅಟ್ಟಕ್ಕೆ ಮರಳೋಣ. ಸೀಲಿರುವ ಎಂಜಿನ್ ಆಯಿಲ್ 10 ವರ್ಷ ದಾಟಿದೆ. ಅಜ್ಜನ ಕಾಲದ ಜೀಪು ಹಳೆಯ ದರ್ಜೆಯ ಎಣ್ಣೆಯನ್ನು ಒಪ್ಪಬಹುದಾದರೂ, ಮಲೆನಾಡಿನ ಕೊಟ್ಟಿಗೆಯಲ್ಲಿ ಇಷ್ಟು ಮಳೆಗಾಲ ಕಂಡ ಎಣ್ಣೆಯನ್ನು ಎಂಜಿನ್ನಿಗೆ ಹಾಕದಿರುವುದೇ ಲೇಸು. ಒಂದು ಡಬ್ಬ ಎಣ್ಣೆಯ ಬೆಲೆಗೂ ಎಂಜಿನ್ ಬಿಚ್ಚಿ ಕಟ್ಟುವ ಖರ್ಚಿಗೂ ಹೋಲಿಕೆಯೇ ಇಲ್ಲ. ಅದು ಗೇಟು, ಗುದ್ದಲಿಗಳಿಗಿರಲಿ. ಗ್ರೀಸನ್ನು ತೆರೆದು ನೋಡಿ. ಮೆತ್ತಗಿದ್ದರೆ ತಳ್ಳುಗಾಡಿಯ ಗಾಲಿಗೆ ಬಳಸಿ, ಜೀಪಿನ ಗಾಲಿಯ ಬೇರಿಂಗಿಗೆ ಹೊಸದನ್ನೇ ತನ್ನಿ. ಯೆಜ್ದಿಗೂ ಹೊಸ 2ಟಿ ಕೊಳ್ಳಿ. ಬ್ರೇಕ್ ಆಯಿಲ್ ಬಾಟಲಿಯನ್ನು ಇಂದೇ ಅಟ್ಟದಿಂದ ಇಳಿಸಿ, ಮೇಲೆ "ಉಪಯೋಗಿಸಬೇಡಿ" ಎಂದು ಬರೆದು, ಬೇರೆ ಎಣ್ಣೆಗೆ ಬೆರೆಸದೆ ಸರ್ವಿಸ್ ಕೇಂದ್ರಕ್ಕೆ ಕೊಡಿ. ಜೀಪಿನೊಳಗೆ ಈಗ ಇರುವ ಬ್ರೇಕ್ ದ್ರವವನ್ನೂ ಪೂರ್ತಿ ಬದಲಿಸದೆ ಘಾಟಿಯ ಕಡೆಗೆ ಗಾಡಿ ತಿರುಗಿಸಬೇಡಿ.

ಎಣ್ಣೆ ಹಾಲಲ್ಲ ಎಂದ ನಿಮ್ಮ ತಂದೆಯವರ ಮಾತು ನಿಜ. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಬ್ರೇಕ್ ದ್ರವ ಅಂಥ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಈ ಮಾತನ್ನು ಅವರಿಗೂ ಓದಿ ಹೇಳಿ. ಜೀಪು ರಸ್ತೆಗಿಳಿದ ದಿನ ನಮಗೊಂದು ಕಾಗದ ಬರೆಯುವುದನ್ನು ಮರೆಯಬೇಡಿ.